ಕೊಂದವರು ಊರಿಗೆ ಮರಳಿದಾಗ: ರುವಾಂಡದ ಧರ್ಮಕೇಂದ್ರವೊಂದು ಸಮನ್ವಯ ನಡೆಸುವ ಬಗೆ

1994ರ ಏಪ್ರಿಲ್ 7ರಿಂದ ಸುಮಾರು ನೂರು ದಿನ ಹುಟು ಉಗ್ರವಾದಿಗಳು ನಡೆಸಿದ ಟುಟ್ಸಿ ಸಮುದಾಯದ ನರಮೇಧಕ್ಕಾಗಿ 20, 30 ವರ್ಷ ಶಿಕ್ಷೆಯಾದವರು ಈಗ ಸೆರೆಮನೆಯಿಂದ ಊರಿಗೆ ಮರಳುತ್ತಿದ್ದಾರೆ. ಚರ್ಚಿನ ಭಾನುವಾರದ ಬಲಿಪೂಜೆಯಲ್ಲಿ (ಮಾಸ್) ಅವರ ಹಿಂದಿನ ಬೆಂಚಿನಲ್ಲೇ ಅವರ ಕೈಯಲ್ಲಿ ಹತರಾದವರ ಮಗಳು ಕೂತಿರಬಹುದು. ಇಂಥ ಕಡೆಗೆಂದೇ ಕ್ಯಾಥೋಲಿಕ್ ಗುರು ಫಾದರ್ ಉಬಾಲ್ಡ್ ರುಗಿರಂಗೋಗ ಮುಶಾಕಾ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಒಂದು ಕ್ರಮ ರೂಪಿಸಿದರು. ನರಮೇಧದಲ್ಲಿ ಅವರ ತಾಯಿಯೂ ಹತ್ತಾರು ಬಂಧುಗಳೂ ಹತರಾಗಿದ್ದರು. ಆ ಕ್ರಮವನ್ನು ಆಧಾರವಾಗಿಟ್ಟುಕೊಂಡು ನಿಮ್ಮ ಧರ್ಮಕೇಂದ್ರದಲ್ಲೂ ಸಮನ್ವಯದ ಕೆಲಸ ಹೀಗೆ ಸಾಗಲಿ.

ಮೊದಲ ತಪ್ಪೊಪ್ಪಿಗೆ ಚರ್ಚಿನದೇ ಆಗಬೇಕು. ನ್ಯಾಮಾಟ, ನ್ಟರಾಮಗಳ ಚರ್ಚುಗಳಲ್ಲಿ ಆಸರೆ ಬೇಡಿ ಬಂದವರನ್ನು ಒಳಗೇ ಕೊಂದರು. ನ್ಯಾಂಗೆಯಲ್ಲಿ ಜನರಿದ್ದ ಚರ್ಚನ್ನೇ ಬುಲ್ಡೋಜರ್‌ನಿಂದ ಕೆಡವಿದರು. ಅಲ್ಲಿನ ಗುರು ಅಥನಾಸ್ ಸೆರೊಂಬಾಗೆ ರುವಾಂಡ ನರಮೇಧದ ವಿಚಾರಣೆಗೆಂದು ರಚಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. 2016ರ ನವೆಂಬರ್‌ನಲ್ಲಿ ರುವಾಂಡದ ಬಿಷಪ್ಪರು ಕ್ಷಮೆ ಕೇಳಿದಾಗ, ಕೆಲವು ವ್ಯಕ್ತಿಗಳ ತಪ್ಪು ಎಂಬಂತೆ ಹೇಳಿದ್ದು ಸಾಲದು ಎಂದು ಸರ್ಕಾರ ಆಕ್ಷೇಪಿಸಿತು. ಮುಂದಿನ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಚರ್ಚಿನ ಪಾಪಗಳನ್ನೂ ಸೇರಿಸಿಯೇ ದೇವರಲ್ಲಿ ಕ್ಷಮೆ ಯಾಚಿಸಿದರು. ನಿಮ್ಮ ಧರ್ಮಕೇಂದ್ರದಲ್ಲಿ ಏನಾಯಿತು, ಬಾಗಿಲು ತೆರೆದವರು ಯಾರು, ಮುಚ್ಚಿದವರು ಯಾರು ಎಂಬುದನ್ನು ತಾರೀಖಿನ ಸಮೇತ ಪೀಠದಿಂದ ಓದಿ. "ಕೆಲವರು ತಪ್ಪಿದರು, ಚರ್ಚು ತಪ್ಪಲಿಲ್ಲ" ಎಂಬ ಒಂದೇ ಮಾತಿಗೆ ಬದುಕುಳಿದವರು ಎದ್ದು ಹೋಗುತ್ತಾರೆ. ಅವರು ಎದ್ದು ಹೋದರೆ ಅದು ನ್ಯಾಯವೇ.

ಆಮೇಲೆ ಗುಂಪುಗಳು. ಕೊಂದವರನ್ನೂ ಬದುಕುಳಿದವರನ್ನೂ ತಿಂಗಳುಗಟ್ಟಲೆ ಬೇರೆ ಬೇರೆಯಾಗಿಯೇ ಕೂರಿಸಿ. ಒಂದೊಂದು ಗುಂಪಿನಲ್ಲಿ ಹತ್ತು ಹನ್ನೆರಡು ಮಂದಿ ಸಾಕು. ಬದುಕುಳಿದವರ ಸಭೆಯನ್ನು ಚರ್ಚಿನೊಳಗೆ ಇಡಬೇಡಿ, ಎಷ್ಟೋ ಮಂದಿಗೆ ಆ ಗೋಡೆಗಳೇ ಕೊಲೆಯ ಜಾಗ. ಹುಟು, ಟುಟ್ಸಿ ಎಂದು ವಿಂಗಡಿಸಿ ಕರೆಯುವುದೂ ಬೇಡ. ಗಿಸೆನ್ಯಿಯ ಫೆಲಿಸಿತಾಸ್ ನಿಯಿತೆಗೆಕಾ ಹುಟು ಸಮುದಾಯದವರು. ಆದರೂ ತಾವು ಅಡಗಿಸಿಟ್ಟಿದ್ದ ಟುಟ್ಸಿಗಳನ್ನು ಬಿಟ್ಟುಕೊಡದೆ ಅವರೊಂದಿಗೇ ಪ್ರಾಣ ಕೊಟ್ಟರು.

ಇಲ್ಲೊಂದು ದೊಡ್ಡ ತೊಡಕಿದೆ. ಪಾಪನಿವೇದನೆಯಲ್ಲಿ, ಅಂದರೆ ಗುರುವಿನ ಬಳಿ ಗುಟ್ಟಾಗಿ ಪಾಪ ಹೇಳಿಕೊಳ್ಳುವಾಗ, ಒಬ್ಬ "ಶವವನ್ನು ಇಂಥ ಹೊಂಡಕ್ಕೆ ಹಾಕಿದೆ" ಎಂದರೆ ಗುರು ಅದನ್ನು ಯಾರಿಗೂ, ನ್ಯಾಯಾಲಯಕ್ಕೂ ಹೇಳುವಂತಿಲ್ಲ. ಹೇಳಿದವನ ಮನಸ್ಸು ಹಗುರಾಗುತ್ತದೆ, ಮೂಳೆಗಾಗಿ ಕಾದ ತಾಯಿಗೆ ಏನೂ ದಕ್ಕುವುದಿಲ್ಲ. ಆದ್ದರಿಂದ ಮೊದಲ ದಿನವೇ ಸ್ಪಷ್ಟಪಡಿಸಿ: ಈ ಗುಂಪುಗಳಲ್ಲಿ ಆಡುವ ಮಾತು ಪಾಪನಿವೇದನೆಯಲ್ಲ, ಯಾರನ್ನು, ಎಲ್ಲಿ, ಯಾರೊಂದಿಗೆ ಸೇರಿ ಕೊಂದೆ ಎಂಬುದನ್ನು ಆ ಮನೆಯವರ ಮುಂದೆ ಹೇಳಲೇಬೇಕು. "ಯುದ್ಧಕಾಲ, ಸೈತಾನ ಮಾಡಿಸಿದ" ಎಂಬಲ್ಲಿಗೆ ನಿಂತವನನ್ನು ಮುಂದಿನ ಹಂತಕ್ಕೆ ಬಿಡಬೇಡಿ.

ಮುಶಾಕಾದಲ್ಲಿ ಕೊಲೆಗಾರರಿಗೆ ಸುಮಾರು ಆರು ತಿಂಗಳು ಧರ್ಮೋಪದೇಶ ನಡೆಯುತ್ತಿತ್ತು; ಅಲ್ಲಿಯವರೆಗೆ ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ ಅವರಿಗಿರಲಿಲ್ಲ. ಈ ಅವಧಿಯನ್ನು ಮೊಟಕು ಮಾಡಬೇಡಿ. ಪರಿಹಾರದ ಲೆಕ್ಕ ಮುಗಿಯುವುದೂ ಇದೇ ಅವಧಿಯಲ್ಲಿ. 2012ರಲ್ಲಿ ಮುಚ್ಚಿದ ಗಚಾಚ ಊರ ನ್ಯಾಯಾಲಯಗಳಿಗೆ ಬಂದ ಸುಮಾರು 20 ಲಕ್ಷ ಮೊಕದ್ದಮೆಗಳಲ್ಲಿ ಹೆಚ್ಚಿನವು ಆಸ್ತಿಗೆ ಸಂಬಂಧಿಸಿದವು. ಲೂಟಿಯಾದ ಹಸು, ಚಾವಣಿಯ ತಗಡು, ಮನೆಯ ಬಾಗಿಲು ಎಲ್ಲವನ್ನೂ ಪಟ್ಟಿ ಮಾಡಿ. ದುಡ್ಡಿಲ್ಲದವನು ಹೊಲದಲ್ಲಿ ದುಡಿದು ತೀರಿಸಬಹುದು, ಹೊಲದ ಒಡತಿ ಒಪ್ಪಿದರೆ ಮಾತ್ರ. ಎಷ್ಟು ದಿನ ಎಂದು ಇಬ್ಬರು ಸಾಕ್ಷಿಗಳ ಮುಂದೆ ಬರೆದಿಡಿ.

ಕ್ಷಮಿಸುವುದು ಬದುಕುಳಿದವರ ಕರ್ತವ್ಯವಲ್ಲ. ಯೇಸುವಿನ ಹೆಸರು ಹೇಳಿ ವಿಧವೆಯನ್ನು ಒತ್ತಾಯಿಸಿದರೆ ಅದು ಎರಡನೆಯ ಹಿಂಸೆ. ಆಕೆ ಬರದಿದ್ದರೆ ತಪ್ಪಿತಸ್ಥ ಕ್ಷಮೆ ಕೇಳಿದ್ದು ಮಾತ್ರ ದಾಖಲಾಗಲಿ. ಆಕೆಯ ಹೆಸರನ್ನು ಸಭೆಯಲ್ಲಿ ಎತ್ತಬೇಡಿ, ಮನೆಗೆ ಯಾರನ್ನೂ ಕಳಿಸಬೇಡಿ.

ಒಪ್ಪಿದವರಿಗಷ್ಟೇ ಬಹಿರಂಗ ಆಚರಣೆ. ಕೊಂದವನು ಪೀಠದ ಮುಂದೆ ನಿಂತು ಹೆಸರು ಹೆಸರಾಗಿ ಸತ್ತವರನ್ನು ನೆನೆದು ಕ್ಷಮೆ ಕೇಳುತ್ತಾನೆ, ಬದುಕುಳಿದಾಕೆ ಇಷ್ಟವಿದ್ದರೆ ಕೈ ಚಾಚುತ್ತಾಳೆ. ಏಪ್ರಿಲ್ 7ರಿಂದ ಜುಲೈ ಆರಂಭದವರೆಗಿನ ಸ್ಮರಣೆಯ ದಿನಗಳಲ್ಲಿ ಇದನ್ನು ಇಡಲೇಬೇಡಿ; ಹಳೆಯ ಗಾಯ ಉಕ್ಕಿ ಬಂದು ಜನ ಕುಸಿದು ಬೀಳುವ ಕಾಲ ಅದು. ಯಾವ ತಿಂಗಳಾದರೂ ಆಪ್ತಸಲಹೆಗಾರರೊಬ್ಬರು ಬಾಗಿಲ ಬಳಿ ಇರಲಿ, ಪಕ್ಕದಲ್ಲೊಂದು ಮೌನದ ಕೋಣೆ, ನೀರು, ಚಾಪೆ ಸಿದ್ಧವಿರಲಿ.