ಲೇ-ಆಫ್ ಮುಗಿದರೂ ನೌಕರ ಬರುತ್ತಿಲ್ಲವೇ? ಹೆಸರು ಹೊಡೆಯುವ ಮುನ್ನ ಇಷ್ಟು ಮಾಡಿ

ಆರ್ಡರ್ ಬಂದಿದೆ, ಮಷಿನ್ ಮತ್ತೆ ತಿರುಗುತ್ತಿದೆ. ಲೇ-ಆಫ್ ಕೊಟ್ಟು, ಅಂದರೆ ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಕೂರಿಸಿ, ಮನೆಗೆ ಕಳಿಸಿದ್ದವರಲ್ಲಿ ಬಹುಪಾಲು ಜನ ಗೇಟಿನೊಳಗೆ ಬಂದಿದ್ದಾರೆ. ಇಬ್ಬರು ಮೂವರು ಮಾತ್ರ ಫೋನ್ ಎತ್ತುತ್ತಿಲ್ಲ. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಮಂಡ್ಯದ ತೂಬಿನಕೆರೆ, ಎಲ್ಲೇ ಕಾರ್ಖಾನೆ ಇರಲಿ, ಇಂಥ ಹೊತ್ತಿನಲ್ಲಿ ಮಾಲೀಕರಿಗೆ ಹೊಳೆಯುವ ಉಪಾಯ ಒಂದೇ: ಹದಿನೈದು ದಿನ ಕಾಯುವುದು, ಆಮೇಲೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು 'ತಾನಾಗಿ ಕೆಲಸ ಬಿಟ್ಟಿದ್ದಾನೆ' ಎಂದು ಬರೆಯುವುದು. ಮುಂದೆ ಕೇಸಾದರೆ ಮಾಲೀಕರು ಸೋಲುವುದು ಆ ಗೆರೆಯಿಂದಲೇ.

ಮೊದಲು ನಿಮ್ಮ ಕಡತ ತೆಗೆಯಿರಿ

ಲೇ-ಆಫ್ ನೋಟಿಸನ್ನು ಬರಹದಲ್ಲಿ ಕೊಟ್ಟಿದ್ದಿರಾ? ಪರಿಹಾರ ಪಾವತಿಯಾಗಿದೆಯೇ? 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ಸತತ ಸೇವೆ ಮುಗಿಸಿದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಹಂಗಾಮಿನಲ್ಲಷ್ಟೇ ನಡೆಯುವ ಘಟಕಗಳಿಗೆ ಇದು ಅನ್ವಯಿಸದು. 50ಕ್ಕಿಂತ ಕಡಿಮೆ ಜನರಿರುವ ವರ್ಕ್‌ಶಾಪಿನವರು 'ನಮಗೆ ಈ ತಲೆನೋವಿಲ್ಲ' ಎಂದುಕೊಳ್ಳುವುದುಂಟು. ನೇಮಕಾತಿ ಪತ್ರದಲ್ಲಾಗಲಿ ಸ್ಥಾಯಿ ಆದೇಶದಲ್ಲಾಗಲಿ (ಕಾರ್ಖಾನೆಯ ಲಿಖಿತ ಸೇವಾ ನಿಯಮ) ಲೇ-ಆಫ್ ಮಾಡುವ ಅಧಿಕಾರ ಬರೆದುಕೊಂಡಿಲ್ಲದಿದ್ದರೆ, ಕೂರಿಸಿದ ದಿನಗಳಿಗೆ ಪೂರ್ತಿ ಸಂಬಳದ ಪ್ರಶ್ನೆಯೇ ಏಳಬಹುದು.

ಇನ್ನೊಂದು ವಿಷಯ. ಲೇ-ಆಫ್ ದಿನಗಳಲ್ಲೂ ಕಾರ್ಮಿಕ ದಿನಕ್ಕೊಮ್ಮೆ ಬಂದು ಹಾಜರಿ ಹಾಕಬೇಕು, ಮಾಲೀಕರು ಅದಕ್ಕಾಗಿ ಮಸ್ಟರ್ ರೋಲ್ (ಹಾಜರಿ ಪಟ್ಟಿ) ಇಡಬೇಕು ಎಂಬುದು ಕಾನೂನು. ವಾಸ್ತವದಲ್ಲಿ ನಾವೇ 'ಬರಬೇಡಿ, ಫೋನ್ ಮಾಡ್ತೀವಿ' ಎಂದು ಕಳಿಸಿರುತ್ತೇವೆ. ಹಾಗೆ ಹೇಳಿದ್ದರೆ, ಆ ದಿನಗಳ ಗೈರುಹಾಜರಿಯನ್ನು ಈಗ ಎತ್ತಲೇಬೇಡಿ.

ಯಾಕೆ ಬರುತ್ತಿಲ್ಲ ಎಂದು ತಿಳಿಯಿರಿ

ಇದಕ್ಕೆ ಸಮಯ ಕೊಡಿ, ಅರ್ಧ ಪ್ರಕರಣ ಇಲ್ಲೇ ಮುಗಿಯುತ್ತದೆ. ಅದೇ ಊರಿನಿಂದ ಬರುವ ಇನ್ನೊಬ್ಬ ಕೆಲಸಗಾರನ ಹತ್ತಿರ ವಿಚಾರಿಸಿ, ಇಲ್ಲವೇ ಸೂಪರ್‌ವೈಸರನ್ನೇ ಮನೆಗೆ ಕಳಿಸಿ. ಅರ್ಧ ಸಂಬಳದಲ್ಲಿ ಮನೆ ನಡೆಯದೆ ಒಬ್ಬ ಆಲೆಮನೆ ಸೇರಿರುತ್ತಾನೆ, ಇನ್ನೊಬ್ಬ ಬೆಂಗಳೂರಿಗೆ ಹೋಗಿರುತ್ತಾನೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಿದ್ದರಂತೂ ಮಂಡ್ಯ ಕಡೆಯವರ ಉತ್ತರ 'ನಾಟಿ ಮುಗ್ಸಿ ಬತ್ತೀನಿ ಸಾ' ಎಂದೇ. ಅದು ನಿರಾಕರಣೆಯಲ್ಲ, ರಜೆಯ ಕೋರಿಕೆ. ನಾಲ್ಕು ಸಾಲು ಬರೆಸಿಕೊಂಡು ಸಂಬಳರಹಿತ ರಜೆ ಕೊಟ್ಟು, ಮರಳುವ ತಾರೀಖು ನಮೂದಿಸಿ.

ಕೆಲವು ಕಾರಣಗಳ ಮುಂದೆ ನಿಮ್ಮ ಹಟ ನಡೆಯದು. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯಿಲೆ ಭತ್ಯೆ ಪಡೆಯುತ್ತಿರುವವರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಹೆರಿಗೆ ರಜೆಯಲ್ಲಿರುವವರನ್ನೂ ಅಷ್ಟೇ. ಸಂಬಳ ಇಳಿಸಿ, ಪಾಳಿ ಬದಲಿಸಿ ಕರೆದಿದ್ದೀರಾ? ಇಂಥ ಬದಲಾವಣೆಗೆ 21 ದಿನ ಮುಂಚಿತ ನೋಟಿಸ್ ಬೇಕು. ಅದಿಲ್ಲದೆ ಕರೆದರೆ ಬಾರದವನ ಪಕ್ಷವೇ ಗಟ್ಟಿ. ಲೇ-ಆಫ್ ಪರಿಹಾರ ಬಾಕಿ ಇಟ್ಟುಕೊಂಡು 'ನಾಳೆಯಿಂದ ಬಾ' ಎನ್ನುವವರಿಗೆ ಏನು ಹೇಳುವುದು! ಮೊದಲು ಬಾಕಿ ಕೊಡಿ.

ಪತ್ರ ಬರೆಯಿರಿ

ಫೋನ್ ಕರೆ ದಾಖಲೆಯಾಗದು. ಪತ್ರ ಕನ್ನಡದಲ್ಲೇ ಇರಲಿ. ವಕೀಲರ ಇಂಗ್ಲಿಷ್ ನೋಟಿಸ್ ಕಂಡರೆ ಬರುವವನೂ ಹೆದರಿ ಕೂರುತ್ತಾನೆ. ಒಕ್ಕಣೆ ಹೀಗಿದ್ದರೆ ಸಾಕು:

'ಇಂಥ ತಾರೀಖಿನಿಂದ ಜಾರಿಯಲ್ಲಿದ್ದ ಲೇ-ಆಫ್ ಇಂಥ ತಾರೀಖಿಗೆ ಮುಗಿದಿದೆ. ತಮ್ಮ ಹಿಂದಿನ ಹುದ್ದೆ, ಸಂಬಳ, ಪಾಳಿಯಲ್ಲೇ ಕೆಲಸ ಸಿದ್ಧವಿದೆ. ಈ ಪತ್ರ ತಲುಪಿದ ಏಳು ದಿನದೊಳಗೆ ಕೆಲಸಕ್ಕೆ ಹಾಜರಾಗಿ. ಬರಲಾಗದಿದ್ದರೆ ಕಾರಣವನ್ನು ಬರೆದು ತಿಳಿಸಿ.'

'ಬಾರದಿದ್ದರೆ ಕೆಲಸ ಬಿಟ್ಟಂತೆ ಭಾವಿಸಲಾಗುವುದು' ಎಂಬ ಸಾಲನ್ನು ಮೊದಲ ಪತ್ರದಲ್ಲಿ ಹಾಕಬೇಡಿ. ಊರಿನ ಖಾಯಂ ವಿಳಾಸ, ಬಾಡಿಗೆ ಮನೆಯ ವಿಳಾಸ ಎರಡಕ್ಕೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ್ದಕ್ಕೆ ಪುರಾವೆ ಪಡೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಹಾಕುವುದು ಹೆಚ್ಚುವರಿ ಅನುಕೂಲವಷ್ಟೇ. 'ಮನೆ ಬೀಗ' ಎಂಬ ಷರಾದೊಂದಿಗೆ ಮರಳಿದ ಲಕೋಟೆಯನ್ನು ಒಡೆಯದೆ ಹಾಗೇ ಇಡಿ. ಉತ್ತರ ಬಾರದಿದ್ದರೆ ಎರಡನೆಯದು, ಮೂರನೆಯದು ಕಳಿಸಿ. ಮೂರೇ ಇರಬೇಕೆಂದು ಎಲ್ಲೂ ಬರೆದಿಲ್ಲ, ಅದು ರೂಢಿ.

ತಡವಾಗಿ ಬಂದರೆ

ಒಳಗೆ ಬಿಡಿ. ಮೂರನೇ ಪತ್ರದ ಗಡುವು ದಾಟಿ ಬಂದವನನ್ನು ಸೆಕ್ಯುರಿಟಿಯವನು ಗೇಟಿನಿಂದಲೇ ವಾಪಸ್ ಕಳಿಸಿದರೆ, ನೀವು ಬರೆದ ಪತ್ರಗಳಷ್ಟೂ ದಂಡ. ಕೆಲಸಕ್ಕೆ ಸೇರಿಸಿಕೊಂಡು, ಗೈರುಹಾಜರಿಗೆ ವಿವರಣೆ ಕೇಳಿ. ಬಾರದ ದಿನಗಳಿಗೆ ಸಂಬಳ ಕೊಡಬೇಕಿಲ್ಲ.

ಬಾರದೇ ಇದ್ದರೆ ವಿಚಾರಣೆ

ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿ ಹೋಗುತ್ತದೆ ಎಂಬ ಸ್ಥಾಯಿ ಆದೇಶವನ್ನೇ ನೆಚ್ಚಿಕೊಂಡು ಒಂದು ಕಂಪನಿ ನೌಕರರೊಬ್ಬರ ಹೆಸರು ತೆಗೆದಿತ್ತು. ವಿಚಾರಣೆ ನಡೆಸದೆ ಹಾಗೆ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿ, ಯಾದವ್ ಅವರನ್ನು ಅರ್ಧ ಹಿಂಬಾಕಿ ಸಂಬಳದೊಂದಿಗೆ ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಕೆಲಸ ಬಿಡುವುದು ಉದ್ದೇಶಕ್ಕೆ ಸಂಬಂಧಿಸಿದ್ದು, ಬರೀ ಗೈರಿನಿಂದ ಅದನ್ನು ಊಹಿಸಲಾಗದು.

ಹಾಗಾಗಿ ಆರೋಪ ಪತ್ರ ಕೊಡಿ, ಉತ್ತರಕ್ಕೆ ಕಾಲಾವಕಾಶ ಕೊಡಿ, ವಿಚಾರಣಾಧಿಕಾರಿಯನ್ನು ನೇಮಿಸಿ. ಹೊರಗಿನ ವಕೀಲರಾದರೆ ಒಳ್ಳೆಯದು. ದೂರು ಕೊಟ್ಟ ಮ್ಯಾನೇಜರೇ ವಿಚಾರಣೆಗೆ ಕೂರಬಾರದು. ದಿನಾಂಕ ತಿಳಿಸಿದರೂ ಆತ ಬಾರದಿದ್ದರೆ ಏಕಪಕ್ಷೀಯವಾಗಿ ನಡೆಸಬಹುದು. ಆಗಲೂ ಟೈಮ್ ಆಫೀಸಿನ ಗುಮಾಸ್ತರು ಹಾಜರಿ ಪುಸ್ತಕ, ಅಂಚೆ ದಾಖಲೆಗಳನ್ನು ಹಾಜರುಪಡಿಸಿ ಹೇಳಿಕೆ ಕೊಡಬೇಕು. ವರದಿಯ ಪ್ರತಿ ಕಳಿಸಿ ಅಭಿಪ್ರಾಯ ಕೇಳಿದ ಮೇಲಷ್ಟೇ ಅಂತಿಮ ಆದೇಶ.

ಬಿಡುತ್ತೇನೆ ಎಂದರೆ

ಅವರದೇ ಕೈಬರಹದಲ್ಲಿ ರಾಜೀನಾಮೆ ಪಡೆಯಿರಿ. ಖಾಲಿ ಹಾಳೆಗೆ ಸಹಿ ಹಾಕಿಸುವ ಚಾಳಿ ಬೇಡ. ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಐದು ವರ್ಷ ಸೇವೆ ಮುಗಿಸಿದ್ದರೆ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ ಇದೆ. ಕೆಲಸಕ್ಕೆ ಬರಲಿಲ್ಲವೆಂಬ ಸಿಟ್ಟಿಗೆ ಅದನ್ನು ಹಿಡಿದಿಡುವ ಹಕ್ಕು ನಿಮಗಿಲ್ಲ. ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನೂ ಆಗಲೇ ಹಾಕಿಬಿಡಿ.

ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಸೂಪರ್‌ವೈಸರ್‌ಗಳು ಹೊಸ ಸಂಹಿತೆಯ 'ಕಾರ್ಮಿಕ' ವ್ಯಾಖ್ಯೆಯೊಳಗೆ ಬರುವುದಿಲ್ಲ, ಅವರ ವಿಷಯದಲ್ಲಿ ನೇಮಕಾತಿ ಪತ್ರದ ಷರತ್ತು ನೋಡಬೇಕು. ಉಳಿದವರು ವಜಾ ಆದೇಶದ ವಿರುದ್ಧ ಎರಡು ವರ್ಷದೊಳಗೆ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿಯವರೆಗೆ ಮಸ್ಟರ್ ರೋಲ್, ಪತ್ರಗಳ ಪ್ರತಿ, ಮರಳಿ ಬಂದ ಲಕೋಟೆ ಯಾವುದನ್ನೂ ರದ್ದಿಗೆ ಹಾಕಬೇಡಿ.