ಮಲೆನಾಡಿನ ಹಳೇ ಮನೆ: ನೆಲದ ಥಂಡಿ ಬಿಡಿಸುವುದು ಹೇಗೆ

ಆರಿದ್ರಾ ಮಳೆ ಹಿಡಿದರೆ ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆಯ ಹಳೇ ಮನೆಗಳಲ್ಲಿ ನೆಲಕ್ಕೆ ಬರಿಗಾಲು ಇಡಲಾಗುವುದಿಲ್ಲ. ಕಾವಿ ನೆಲ ಬೆವರುತ್ತದೆ, ಚಾಪೆಯ ಅಡಿಗೆ ಬೂಷ್ಟು ಹಿಡಿಯುತ್ತದೆ. ಇದಕ್ಕೆ ಹಳೇ ನೆಲದ ಮೇಲೇ ಟೈಲ್ಸ್ ಹಾಕಿಸುವವರು ಬಹಳ. ಅದರಿಂದ ಥಂಡಿ ಒಂದಿಷ್ಟೂ ಇಳಿಯುವುದಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ನೆಲ ಮುಟ್ಟಲೇಬಾರದು.

ತಿಳಿಯುವುದು ಸುಲಭ. ಮಳೆಗಾಲದಲ್ಲಿ ನೆಲ ಒರೆಸಿ, ಒಂದು ಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಅಗಲದ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅಲ್ಲಿನ ನೆಲ ಕಪ್ಪಿಟ್ಟಿದ್ದರೆ ನೀರು ಮಣ್ಣಿನಿಂದ ಏರುತ್ತಿದೆ. ಅಡಿ ಒಣಗಿದ್ದು ಮೇಲ್ಮೈ ಮಾತ್ರ ಒದ್ದೆಯಾದರೆ ಅದು ಗಾಳಿಯ ತೇವ. 25 ಡಿಗ್ರಿ ಬಿಸಿಯ ಗಾಳಿಯಲ್ಲಿ ಆರ್ದ್ರತೆ ಶೇ 85 ಇದ್ದರೆ, ಸುಮಾರು 22 ಡಿಗ್ರಿಗಿಂತ ತಣ್ಣಗಿರುವ ಯಾವುದಕ್ಕೆ ತಾಗಿದರೂ ಆ ತೇವ ನೀರಾಗುತ್ತದೆ. ನಾಲ್ಕು ದಿನ ಹೊಡೆದ ಮಳೆ ನಿಂತು ಹೊಳವಾದ ದಿನವೇ ನೆಲ ಹೆಚ್ಚು ಬೆವರುವುದು ಇದಕ್ಕೇ. ಉಪ್ಪು, ಗೊಬ್ಬರದ ಚೀಲ ಇಟ್ಟಿದ್ದ ಕೋಣೆಯಲ್ಲಿ ಮಾತ್ರ ಈ ಪರೀಕ್ಷೆಯನ್ನು ನಂಬಬೇಡಿ. ನೆಲಕ್ಕಿಳಿದ ಉಪ್ಪು ತಾನೇ ನೀರೆಳೆಯುತ್ತದೆ.

ಗಾಳಿಯ ತೇವವೊಂದೇ ಆದರೆ ಅಗೆಯುವ ಕೆಲಸವಿಲ್ಲ. ಹಳೇ ನೆಲದ ಮೇಲೆ 25 ಮಿ.ಮೀ. ಎಕ್ಸ್‌ಪಿಎಸ್ (ಥಂಡಿ ತಡೆಯುವ ಗಟ್ಟಿ ಫೋಮ್) ಹಲಗೆ ಹಾಸಿ. ಇದು ಬಿಳಿ ಥರ್ಮೋಕೋಲ್ ಅಲ್ಲ. ಮುರಿದರೆ ಕಾಳುಕಾಳಾಗಿ ಉದುರುವುದಿಲ್ಲ, ಹೆಬ್ಬೆರಳಲ್ಲಿ ಒತ್ತಿದರೆ ಜಗ್ಗುವುದಿಲ್ಲ. ಕೂಡುಗಳಿಗೆಲ್ಲ ಟೇಪ್ ಹಚ್ಚಿ, ಇಲ್ಲವಾದರೆ ಗಾಳಿ ಅಡಿಗೆ ನುಗ್ಗಿ ಅಲ್ಲೇ ಬೆವರುತ್ತದೆ. ಅದರ ಮೇಲೆ 10 ಮಿ.ಮೀ. ಸಿಮೆಂಟ್ ಬೋರ್ಡ್ ಎರಡು ಪದರ, ಕೂಡಿನ ಮೇಲೆ ಕೂಡು ಬಾರದಂತೆ. ಎರಡು ಬೋರ್ಡನ್ನೂ ಒಂದಕ್ಕೊಂದು ಸ್ಕ್ರೂ ಮಾಡಿ. ಸ್ಕ್ರೂ ಕೆಳಗಿನ ಹಲಗೆ ದಾಟಿ ನೆಲ ಮುಟ್ಟಬಾರದು. ಗೋಡೆಯ ಸುತ್ತ 10 ಮಿ.ಮೀ. ಸಂದು ಬಿಡಿ. ಒಟ್ಟು ಏರುವುದು ಎರಡು ಇಂಚಿಗೂ ಕಡಿಮೆ. ಹಳೇ ಮನೆಯ ಹೊಸ್ತಿಲು ಸಾಮಾನ್ಯವಾಗಿ ಅದಕ್ಕಿಂತ ಎತ್ತರ ಇರುವುದರಿಂದ ಬಾಗಿಲು ಕೊಯ್ಯಬೇಕಾಗುವುದಿಲ್ಲ. ಆದರೂ ಮೊದಲು ಅಳೆದುಕೊಳ್ಳಿ.

ನೀರು ಮಣ್ಣಿನಿಂದ ಬರುತ್ತಿದ್ದರೆ ಕೆಲಸ ಶುರುವಾಗಬೇಕಾದ್ದು ಮನೆಯ ಹೊರಗೆ. ವರ್ಷವರ್ಷ ಮಣ್ಣು ಸೇರಿ ಅಂಗಳ ಏರಿ, ಪಂಚಾಂಗವೇ (ಗೋಡೆಯ ಬುಡದ ಕಟ್ಟೆ) ಹೂತುಹೋಗಿರುತ್ತದೆ. ಆ ಮಣ್ಣು ತೆಗೆಸಿ. ಸೂರಿನ ನೀರು ಬೀಳುವ ಗೆರೆಯಲ್ಲಿ ಒಂದಡಿ ಅಗಲದ ಚರಂಡಿ ತೋಡಿಸಿ. ಅದರ ತಳ ಒಳಗಿನ ನೆಲಕ್ಕಿಂತ ಒಂದಡಿಯಾದರೂ ಕೆಳಗಿರಲಿ, ಅಡಿಪಾಯದ ತಳಕ್ಕಿಂತ ಕೆಳಗೆ ಹೋಗದಿರಲಿ. 100 ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟು, ತೂತಿನ ಪೈಪ್ ಹಾಕಿ, 40 ಮಿ.ಮೀ. ಜಲ್ಲಿ ತುಂಬಿ. ಒಂದು ಮಳೆಗಾಲ ಕಾದು ಮತ್ತೆ ಹಾಳೆ ಹಾಸಿ ನೋಡಿ. ಇಷ್ಟರಲ್ಲೇ ಅಡಿಯ ತೇವ ನಿಂತರೆ ಒಳಗೆ ಅಗೆಯುವ ಖರ್ಚು ಉಳಿಯಿತು. ಮೇಲೆ ಹೇಳಿದ ಹಲಗೆ ಸಾಕು.

ನಿಲ್ಲದಿದ್ದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ನೆಲ ಕೀಳಿಸಿ. ಒಟ್ಟು ಒಂದಡಿ ಆಳ ಬೇಕು. ಮೊದಲು ಗೋಡೆ ಪಕ್ಕ ಒಂದು ಸಣ್ಣ ಗುಂಡಿ ತೋಡಿ ಅಡಿಪಾಯ ಎಲ್ಲಿಗೆ ಮುಗಿಯುತ್ತದೆ ನೋಡಿ. ಮಣ್ಣಿನ, ಜಂಬಿಟ್ಟಿಗೆಯ ಗೋಡೆಗಳಿಗೆ ಅದು ತೀರಾ ಮೇಲೇ ಇರಬಹುದು. ಅದರ ತಳಕ್ಕಿಂತ ಕೆಳಗೆ ಅಗೆದರೆ ಗೋಡೆ ಕೂರುತ್ತದೆ.

10×12 ಅಡಿ ಕೋಣೆಯ ಲೆಕ್ಕ ಇದು. ತಳಕ್ಕೆ ಆರು ಇಂಚು 40 ಮಿ.ಮೀ. ಜಲ್ಲಿ; ದಮ್ಮಸು ಮಾಡಿದಾಗ ಇಳಿಯುವುದರಿಂದ 70 ಘನ ಅಡಿ ತರಿಸಿ. ಜಲ್ಲಿಯಲ್ಲಿ ಪುಡಿ ಇರಬಾರದು: ದೊಡ್ಡ ಕಲ್ಲಿನ ಸಂದಿಯಲ್ಲಿ ನೀರು ಮೇಲೇರದು, ಪುಡಿ ಸೇರಿದರೆ ಬತ್ತಿಯಂತೆ ಏರುತ್ತದೆ. ಜಲ್ಲಿಯ ಚೂಪು ಹಾಳೆಗೆ ತಾಗದಂತೆ ಮೇಲೆ ಒಂದು ಇಂಚು ಮರಳು. ಆಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಕೂಡಿನಲ್ಲಿ ಒಂದಡಿ ಹೊದಿಕೆ, ಅಂಚು ಗೋಡೆಗೆ ಮಡಚಿ ಹೊಸ ನೆಲದ ಮಟ್ಟಕ್ಕೆ ಬರಲಿ. ಅದರ ಮೇಲೆ 25 ಮಿ.ಮೀ. ಎಕ್ಸ್‌ಪಿಎಸ್; 1250×600 ಮಿ.ಮೀ. ಹಲಗೆಯಾದರೆ 16 ಬೇಕು. ಗೋಡೆಯ ಸುತ್ತಲೂ ಅದರದೇ ಪಟ್ಟಿ ನಿಲ್ಲಿಸಿ, ಇಲ್ಲದಿದ್ದರೆ ಅಂಚಿನಲ್ಲಿ ಥಂಡಿ ಉಳಿಯುತ್ತದೆ. ಮತ್ತೊಂದು ತೆಳು ಹಾಳೆ ಹೊದಿಸಿ, ಕಬ್ಬಿಣದ ಜಾಲರಿ ಇಟ್ಟು ಮೂರು ಇಂಚು ಕಾಂಕ್ರೀಟ್, ಸಿಮೆಂಟ್, ಮರಳು, ಜಲ್ಲಿ 1:1.5:3 ಅಳತೆಯಲ್ಲಿ; ಸಿಮೆಂಟ್ ಏಳು ಚೀಲ. ಕಾವಿ ಬೇಕೆಂದರೆ ಕಾಂಕ್ರೀಟ್ ಪೂರ್ತಿ ಗಟ್ಟಿಯಾಗುವ ಮೊದಲೇ ಎಳೆಸಬೇಕು. ಒಣಗಿದ ಮೇಲೆ ಎಳೆದದ್ದು ಎದ್ದುಬರುತ್ತದೆ. ಒದ್ದೆ ಗೋಣಿ ಹೊದಿಸಿ ಏಳು ದಿನ ನೀರು ಕೊಡಿ.

ಖರ್ಚು ಉಳಿಸಲು ಭತ್ತದ ಹೊಟ್ಟು, ಮರದ ಪುಡಿ ತುಂಬುವುದು ಬೇಡ. ತೇವ ಹಿಡಿದು ಗೆದ್ದಲಿಗೆ ಊಟವಾಗುತ್ತದೆ. ಗೆದ್ದಲು ಎಕ್ಸ್‌ಪಿಎಸ್ ತಿನ್ನದಿದ್ದರೂ ಕೊರೆದು ಮೇಲೆ ಬರುತ್ತದೆ, ಹಾಗಾಗಿ ಜಲ್ಲಿ ಹಾಕುವ ಮೊದಲು ಮಣ್ಣಿಗೆ ಗೆದ್ದಲು ಔಷಧಿ ಹೊಡೆಸಿ. ಇನ್ನೊಂದು: ಹಾಳೆ ತಡೆದ ನೀರು ಗೋಡೆಯತ್ತ ಹೊರಳುತ್ತದೆ. ಗೋಡೆಯ ಕೆಳಗಿನ ಮೂರಡಿಗೆ ಸಿಮೆಂಟ್ ಗಿಲಾವು ಇದ್ದರೆ ಕೆರೆದು ಸುಣ್ಣದ ಗಾರೆ ಮಾಡಿಸಿ. ಸುಣ್ಣದಲ್ಲಿ ತೇವ ಆರಿಹೋಗುತ್ತದೆ. ಸಿಮೆಂಟಿನೊಳಗೆ ಸಿಕ್ಕಿಬಿದ್ದರೆ ಮೇಲೇರಿ ಕಿಟಕಿಯ ದಾರಂದ ಕೊಳೆಸುತ್ತದೆ.