ಬೀಗ ಬಿದ್ದಿದ್ದ ಮನೆಗೆ ಮತ್ತೆ ವಿದ್ಯುತ್: ಅರ್ಜಿಗಿಂತ ಮೊದಲು ಆಗಬೇಕಾದ ಕೆಲಸ

ವರ್ಷಗಟ್ಟಲೆ ಬೀಗ ಬಿದ್ದಿದ್ದ ಮನೆಯನ್ನು ಮತ್ತೆ ವಾಸಕ್ಕೆ ಅಣಿಗೊಳಿಸಲು ಹೊರಟವರು ಬಹುಮಟ್ಟಿಗೆ ಮಾಡುವ ಮೊದಲ ಕೆಲಸವೆಂದರೆ ವಿದ್ಯುತ್ ಕಚೇರಿಗೆ ಹೋಗಿ ಮರುಸಂಪರ್ಕಕ್ಕೆ ಅರ್ಜಿ ಕೊಡುವುದು. ಬೆಳಕಿಲ್ಲದೆ ಕಸ ಗುಡಿಸುವುದೂ ಕಷ್ಟವಾದ್ದರಿಂದ ಈ ಅವಸರ ಸಹಜವೇ. ಆದರೆ ವಿದ್ಯುತ್ ಪೂರೈಸುವವರ ಹೊಣೆ ಸಾಮಾನ್ಯವಾಗಿ ಮೀಟರಿಗೆ ಬಂದು ಮುಗಿಯುತ್ತದೆ. ಅಲ್ಲಿಂದ ಒಳಗೆ, ಗೋಡೆಯ ಕೊಳವೆಗಳಲ್ಲಿ, ಅಟ್ಟದ ಮೇಲೆ, ಸ್ವಿಚ್ ಬೋರ್ಡುಗಳ ಹಿಂದೆ ಇರುವುದೆಲ್ಲ ಮನೆಯವರ ಪಾಲಿನದು. ಸಂಪರ್ಕವಿಲ್ಲದಿರುವಾಗ ದುರಸ್ತಿ ಮಾಡುವುದು ಸುಲಭ, ಅಪಾಯವೂ ಕಡಿಮೆ. ಆದ್ದರಿಂದ ವಿದ್ಯುತ್ತನ್ನು ಬರಮಾಡಿಕೊಳ್ಳುವ ಮುನ್ನ ಅದು ಹರಿಯುವ ದಾರಿಯನ್ನು ಪರೀಕ್ಷಿಸಿಕೊಳ್ಳುವುದೇ ಸರಿಯಾದ ಕ್ರಮ.

ಕಚೇರಿಯಲ್ಲಿ ಕೇಳಬೇಕಾದದ್ದು

ಕಚೇರಿಗೆ ಮೊದಲ ಸಲ ಹೋಗುವುದು ಅರ್ಜಿಗಾಗಿ ಅಲ್ಲ, ವಿಚಾರಿಸುವುದಕ್ಕಾಗಿ. ಹಳೆಯ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆಯನ್ನೋ ಮೀಟರಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೋ ತೋರಿಸಿ, ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದಿದ್ದಾರೆಯೇ ಅಥವಾ ಖಾತೆಯನ್ನೇ ಮುಚ್ಚಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಮೊದಲನೆಯದಾದರೆ ಬಾಕಿಯನ್ನೂ ಮರುಸಂಪರ್ಕದ ಶುಲ್ಕವನ್ನೂ ಕಟ್ಟಿದರೆ ಕೆಲಸ ಮುಂದುವರಿಯುವುದು ವಾಡಿಕೆ. ಎರಡನೆಯದಾದರೆ ಅದನ್ನು ಹೊಸ ಸಂಪರ್ಕವೆಂದೇ ಪರಿಗಣಿಸಿ, ಮನೆಯ ಒಡೆತನದ ದಾಖಲೆ ಹಾಗೂ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಸಹಿ ಮಾಡಿದ ವೈರಿಂಗ್ ಪರೀಕ್ಷಾ ವರದಿಯನ್ನು ಕೇಳುವ ಸಾಧ್ಯತೆ ಹೆಚ್ಚು. ಒಂದು ಯೂನಿಟ್ಟೂ ಖರ್ಚಾಗದಿದ್ದರೂ ಖಾತೆ ಜೀವಂತವಾಗಿದ್ದಷ್ಟು ಕಾಲ ನಿಗದಿತ ಶುಲ್ಕ ಬೆಳೆಯುತ್ತಲೇ ಹೋಗಿರಬಹುದಾದ್ದರಿಂದ, ಬಾಕಿಯ ಮೊತ್ತವನ್ನು ಲಿಖಿತವಾಗಿ ಪಡೆಯುವುದು ಲೇಸು. ಖಾತೆ ತೀರಿಹೋದವರ ಹೆಸರಿನಲ್ಲಿದ್ದರೆ ಹೆಸರು ಬದಲಾವಣೆಯನ್ನು ಆಗಲೇ ಶುರುಮಾಡಿ. ತಂತಿಯ ಕೆಲಸಕ್ಕಿಂತ ಕಾಗದದ ಕೆಲಸಕ್ಕೇ ಹೆಚ್ಚು ದಿನ ಹಿಡಿಯುವುದುಂಟು.

ಮೀಟರಿನಿಂದ ಒಳಗೆ

ಮನೆಯಲ್ಲಿ ಕೆಲಸ ಶುರುಮಾಡುವವರು ಮೊದಲು ಬಿಡಬೇಕಾದದ್ದು 'ಇಲ್ಲಿ ಕರೆಂಟೇ ಇಲ್ಲವಲ್ಲ' ಎಂಬ ನಂಬಿಕೆಯನ್ನು. ಫ್ಯೂಸನ್ನು ಮಾತ್ರ ಕಿತ್ತು ಸಂಪರ್ಕ ಕಡಿದಿದ್ದರೆ ಮೀಟರಿನವರೆಗಿನ ತಂತಿಯಲ್ಲಿ ವಿದ್ಯುತ್ತು ಹಾಗೆಯೇ ಇರುತ್ತದೆ. ಖಾಲಿ ಮನೆಯ ಕೊಠಡಿಗೆ ಪಕ್ಕದ ಮನೆಯಿಂದ ಯಾರೋ ಎಂದೋ ಎಳೆದ ತಂತಿಯೂ ಇರಬಹುದು. ಮೂಲೆಯಲ್ಲಿ ಮರೆತ ಇನ್ವರ್ಟರ್ ಬ್ಯಾಟರಿಯೂ ಇರಬಹುದು. ಆದ್ದರಿಂದ ಟೆಸ್ಟರನ್ನು ವಿದ್ಯುತ್ತು ಖಚಿತವಾಗಿ ಇರುವ ಬೇರೊಂದು ಕಡೆ ಹಚ್ಚಿ ಅದು ಕೆಲಸ ಮಾಡುತ್ತಿದೆಯೆಂದು ನೋಡಿಕೊಂಡು, ಆಮೇಲೆ ಮನೆಯ ತಂತಿಗಳನ್ನು ಮುಟ್ಟಿಸಿ, ಕೊನೆಗೆ ಮತ್ತೆ ಮೊದಲಿನ ಜಾಗದಲ್ಲೇ ಪರೀಕ್ಷಿಸಬೇಕು. ಕೆಟ್ಟ ಟೆಸ್ಟರೂ ಸತ್ತ ತಂತಿಯೂ ನೋಡಲು ಒಂದೇ ಥರ ಕಾಣುತ್ತವೆ.

ಹೊರಗಡೆ, ಕಂಬದಿಂದ ಬರುವ ಸರ್ವಿಸ್ ತಂತಿಯ ಮೇಲೆ ಕೊಂಬೆ ಒರಗಿದೆಯೇ, ತಂತಿ ಜೋಲುಬಿದ್ದಿದೆಯೇ ಎಂದು ನೆಲದಿಂದಲೇ ನೋಡಿದರೆ ಸಾಕು; ಅದನ್ನು ಮುಟ್ಟುವುದು, ಕೊಂಬೆ ಕಡಿಯುವುದು ಸರಬರಾಜು ಸಿಬ್ಬಂದಿಯ ಕೆಲಸ. ತಂತಿ ಗೋಡೆಯೊಳಗೆ ಹೊಗುವ ಜಾಗದಲ್ಲಿ ಅದು ಒಮ್ಮೆ ಕೆಳಕ್ಕೆ ಬಾಗಿ ಮೇಲೇರಿರಬೇಕು. ಹಾಗಿದ್ದರೆ ಮಳೆನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ. ಇಲ್ಲದಿದ್ದರೆ ತಂತಿಯ ಗುಂಟ ಹರಿದು ಮೀಟರ್ ಬೋರ್ಡಿಗೇ ಇಳಿಯುತ್ತದೆ. ಬೋರ್ಡಿನ ಕೆಳಗಿನ ಗೋಡೆಯಲ್ಲಿ ತುಕ್ಕಿನ ಬಣ್ಣದ ಗೆರೆ ಕಂಡರೆ ಇದೇ ಆಗಿದೆಯೆಂದು ತಿಳಿಯಬಹುದು.

ಇನ್ನು ಒಳಗಿನ ಬೋರ್ಡುಗಳು. ಇಷ್ಟರಿಂದ ಮುಂದಿನದು ನುರಿತ ಎಲೆಕ್ಟ್ರಿಷಿಯನ್ ಕೆಲಸವೇ ಆದರೂ ಮನೆಯವರು ಜೊತೆಯಲ್ಲಿ ನಿಂತು ನೋಡುವುದು ಒಳ್ಳೆಯದು. ನಾನು ಹೀಗೆ ಪಕ್ಕದಲ್ಲಿ ನಿಂತು ನೋಡಿದ ಒಂದು ಮನೆಯಲ್ಲಿ ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿದೊಡನೆ ಉದುರಿದ್ದು ಕಣಜದ ಮಣ್ಣುಗೂಡು. ಅದರ ಹಿಂದೆ ಎರಡು ತಿರುಪುಗಳ ನಡುವೆ ಒಣಗಿ ಅಂಟಿಕೊಂಡ ಹಲ್ಲಿಯ ಅಸ್ಥಿಪಂಜರವಿತ್ತು. ಅದಕ್ಕಿಂತ ಹೆಚ್ಚು ಗಾಬರಿಯಾದದ್ದು ತಂತಿಯನ್ನು ಕಂಡು. ಎಲೆಕ್ಟ್ರಿಷಿಯನ್ ಅದನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಬಗ್ಗಿಸಿದರು. ಮೇಲಿನ ರಬ್ಬರು ಒಣರೊಟ್ಟಿಯಂತೆ ಪುಡಿಯಾಗಿ ಬರೀ ತಾಮ್ರ ಕೈಗೆ ಬಂತು. 20ನೆಯ ಶತಮಾನದ ನಡುಭಾಗದವರೆಗೆ ಮನೆಗಳಿಗೆ ರಬ್ಬರ್ ಹೊದಿಕೆಯ ತಂತಿ ಬಳಸುತ್ತಿದ್ದರು, ಆಮೇಲೆ ಪಿವಿಸಿ ಎಂಬ ಪ್ಲಾಸ್ಟಿಕ್ ಅದರ ಜಾಗಕ್ಕೆ ಬಂತು. ರಬ್ಬರ್ ಹೊದಿಕೆ ಎಷ್ಟು ಚೆನ್ನಾಗಿ ಕಂಡರೂ ಆಯುಸ್ಸು ಮುಗಿದದ್ದೇ. ಅಂಥ ವೈರಿಂಗನ್ನು ಪೂರ್ತಿ ಬದಲಿಸುವುದರ ಹೊರತು ಬೇರೆ ದಾರಿಯಿಲ್ಲ. ಪಿವಿಸಿ ಬಾಳಿಕೆ ಬರುತ್ತದೆ, ಆದರೆ ಇಲಿ ಹೆಗ್ಗಣಗಳಿಗೆ ಅದು ಅಡ್ಡಿಯಲ್ಲ. ಅಟ್ಟದ ಮೇಲೆ ಹಾಯ್ದ ತಂತಿಗಳನ್ನು ಉದ್ದಕ್ಕೂ ಕಣ್ಣಾಡಿಸಿ ನೋಡಲೇಬೇಕು.

ತಿರುಪುಗಳನ್ನು ಒಂದೊಂದಾಗಿ ಬಿಗಿಗೊಳಿಸುವುದು ಬೇಸರದ ಕೆಲಸ, ಆದರೆ ಬೆಂಕಿ ಹುಟ್ಟುವುದು ಬಹಳ ಸಲ ಅಲ್ಲಿಯೇ. ಹಸಿರು ಕಿಲುಬು ಹಿಡಿದ ಸಡಿಲ ಕೂಡಿಕೆಯೊಂದರಲ್ಲಿ ಅರ್ಧ ಓಂ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಇದ್ದು 10 ಆಂಪಿಯರ್ ಹರಿಯಿತೆಂದರೆ ಆ ಒಂದು ತಿರುಪಿನಲ್ಲೇ 50 ವಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಕಾಸುವ ಕಡ್ಡಿಯೊಂದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಮರೆತ ಹಾಗೆ. ಅಲ್ಯೂಮಿನಿಯಂ ತಂತಿಯಿರುವ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ತಿರುಪಿನ ಒತ್ತಡಕ್ಕೆ ಆ ಲೋಹ ನಿಧಾನವಾಗಿ ಸರಿದು ಸಡಿಲವಾಗುತ್ತ ಹೋಗುತ್ತದೆ.

ಕಣ್ಣಿಗೆ ಕಾಣದ್ದನ್ನು ತೋರಿಸುವುದು ಮೆಗ್ಗರ್ ಎಂಬ ಅಳತೆಯ ಸಾಧನ. ಮನೆ ವೈರಿಂಗಿಗೆ ಇದರಿಂದ 500 ವೋಲ್ಟ್ ನೇರ ವಿದ್ಯುತ್ತನ್ನು ಕೊಟ್ಟು, ತಂತಿಗಳ ನಡುವೆಯೂ ತಂತಿ ಮತ್ತು ಅರ್ತ್ (ನೆಲಕ್ಕೆ ಸೇರಿಸಿದ ತಂತಿ) ನಡುವೆಯೂ ಹೊದಿಕೆಯ ರೋಧ ಎಷ್ಟಿದೆಯೆಂದು ಅಳೆಯುತ್ತಾರೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದು 1 ಮೆಗಾಓಮ್‌ಗಿಂತ ಕಡಿಮೆಯಿರಬಾರದು. ಒಳ್ಳೆಯ ವೈರಿಂಗಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಅಳೆಯುವ ಮುನ್ನ ಬಲ್ಬು, ಎಲ್ಇಡಿ ದೀಪ, ಫ್ಯಾನ್ ರೆಗ್ಯುಲೇಟರ್ ಮುಂತಾದವನ್ನು ಬಿಡಿಸಿಡದಿದ್ದರೆ ಲೆಕ್ಕ ತಪ್ಪುತ್ತದೆ, ಸಾಧನಗಳೂ ಸುಟ್ಟುಹೋಗಬಹುದು. ರೋಧ ಕಡಿಮೆ ಬಂದಾಗ ಎದೆಗುಂದಬೇಕಾಗಿಲ್ಲ. ಮುಚ್ಚಿದ ಮನೆಯ ಗೋಡೆ ತೇವ ಹೀರಿಕೊಂಡಿರುತ್ತದೆ. ಕಿಟಕಿ ತೆರೆದು ಕೆಲವು ದಿನ ಗಾಳಿಯಾಡಲು ಬಿಟ್ಟು ಮತ್ತೊಮ್ಮೆ ಅಳೆದಾಗ ಅಂಕಿ ಏರಿದರೆ ದೋಷ ತೇವದ್ದು, ಏರದಿದ್ದರೆ ತಂತಿಯದ್ದು.

ಅರ್ತಿಂಗನ್ನು ಜನ ಕೊನೆಗೆ ನೆನೆಯುತ್ತಾರೆ, ನೆನೆದರೆ. ಅರ್ತ್ ಗುಂಡಿಯ ಮಣ್ಣು ಒಣಗಿ ಬಿರುಕುಬಿಟ್ಟಿದ್ದರೆ, ತಗಡುಪಟ್ಟಿ ತುಕ್ಕು ತಿಂದು ತುಂಡಾಗಿದ್ದರೆ, ಮೂರು ಕಣ್ಣಿನ ಪ್ಲಗ್ಗಿನ ಮೂರನೆಯ ಕಣ್ಣು ಬರೀ ಅಲಂಕಾರ. ಅದನ್ನು ಅಳೆಯಿಸಿ ಸರಿಪಡಿಸಿ. ಇದೇ ಹೊತ್ತಿಗೆ ಹಳೆಯ ಫ್ಯೂಸ್ ಬೋರ್ಡನ್ನು ತೆಗೆದು ವಿದ್ಯುತ್ತು ಮಿತಿಮೀರಿ ಹರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚುಗಳನ್ನೂ ಸೋರಿಕೆ ಕಂಡರೆ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸುವುದಕ್ಕೆ ಹಣ ಒದಗಿದರೆ ಬೇರೆಲ್ಲ ಖರ್ಚಿಗಿಂತ ಅದೇ ಮೇಲು. ತಂತಿಯಿಂದ ಮನುಷ್ಯನ ಮೈಮೂಲಕ ನೆಲಕ್ಕೆ ವಿದ್ಯುತ್ತು ಸೋರಲು ಶುರುವಾದರೆ ಸೆಕೆಂಡಿನ ಒಂದು ಭಾಗದಲ್ಲೇ ಆರ್‌ಸಿಸಿಬಿ ಸಂಪರ್ಕ ಕಡಿಯುತ್ತದೆ. ವಿದ್ಯುತ್ತು ತರುವ ಫೇಸ್ ತಂತಿಯನ್ನೂ ಅದು ಹಿಂದಿರುಗುವ ನ್ಯೂಟ್ರಲ್ ತಂತಿಯನ್ನೂ ಒಟ್ಟಿಗೆ ಹಿಡಿದವನನ್ನು ಮಾತ್ರ ಅದೂ ಕಾಯಲಾರದು.

ವಿದ್ಯುತ್ ಬರುವ ದಿನ

ಸರಬರಾಜು ಸಿಬ್ಬಂದಿ ಬರುವ ಮುನ್ನ ಮೇನ್ ಸ್ವಿಚ್ಚನ್ನೂ ಎಲ್ಲ ಎಂಸಿಬಿಗಳನ್ನೂ ಕೆಳಗಿಳಿಸಿ, ಎಲ್ಲ ಪ್ಲಗ್ಗುಗಳನ್ನು ಕಿತ್ತಿಡಬೇಕು. ಅವರು ಸಂಪರ್ಕ ಕೊಟ್ಟು ಸೀಲು ಹಾಕಿದ ಕೂಡಲೇ ಮೀಟರಿನ ಸಂಖ್ಯೆ, ಅಂಕಿ, ಸೀಲು ಮೂರೂ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ಬಿಲ್ಲಿನ ತಕರಾರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಮೇನ್ ಹಾಕಿದ ಮೇಲೆ ಒಂದೇ ಒಂದು ದೀಪವನ್ನೂ ಹೊತ್ತಿಸದೆ ಮೊದಲು ವೋಲ್ಟೇಜನ್ನು ಅಳೆಯಬೇಕು. 230 ವೋಲ್ಟ್ ಪದ್ಧತಿಯಿರುವಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಅದರ ಆಸುಪಾಸು ಬರಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಸೊನ್ನೆಯ ಹತ್ತಿರ. ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಕಡಿದಿದ್ದರೆ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದರದು ಕಣ್ಣು ಕುಕ್ಕುವಷ್ಟು ಉರಿಯುತ್ತದೆ. ಹಾಗಾದರೆ ಯೋಚಿಸುತ್ತ ನಿಲ್ಲದೆ ಮೇನ್ ಇಳಿಸಿ, ಏಕೆಂದರೆ ಮುಂದಿನ ಕೆಲವು ನಿಮಿಷಗಳಲ್ಲಿ ಟಿವಿಯೋ ಫ್ರಿಜ್ಜೋ ಸುಡುತ್ತದೆ. ಎಲ್ಲ ಸರಿಯಿದ್ದರೆ ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿ, ಅದು ಬಿದ್ದರೆ ಮತ್ತೆ ಏರಿಸಿ, ಎಂಸಿಬಿಗಳನ್ನು ಒಂದೊಂದಾಗಿ, ನಡುವೆ ಕೆಲವು ನಿಮಿಷ ಬಿಟ್ಟು ಹಾಕುತ್ತ ಹೋಗಿ. ಯಾವುದಾದರೂ ಒಂದು ಮತ್ತೆಮತ್ತೆ ಬೀಳುತ್ತಿದ್ದರೆ ಹಟದಿಂದ ಏರಿಸಬಾರದು. ಎಲ್ಲಿ ದೋಷವಿದೆಯೆಂದು ಅದೇ ತೋರಿಸುತ್ತಿದೆ. ಕೊಳೆತ ಮೀನಿನಂಥ ವಾಸನೆ ಬಂದರೂ ಅಷ್ಟೇ, ಬಿಸಿಯಾದ ಪ್ಲಾಸ್ಟಿಕ್ಕು ಹಾಗೆ ನಾರುತ್ತದೆ.

ಉಪಕರಣಗಳ ಸರದಿ ಕೊನೆಗೆ. ಗೀಸರಿನ ತೊಟ್ಟಿಯಲ್ಲಿ ನೀರು ತುಂಬಿ ನಲ್ಲಿಯಿಂದ ಸುರಿಯುವವರೆಗೆ ಅದರ ಸ್ವಿಚ್ಚನ್ನು ಮುಟ್ಟಬಾರದು. ಅದರ ನೀರು ಕಾಯಿಸುವ ಕಾಯಿಲಿನೊಳಗಿನ ಪುಡಿ ತೇವ ಹೀರುವ ಗುಣದ್ದಾದ್ದರಿಂದ ಮೊದಲ ಸಲ ಆರ್‌ಸಿಸಿಬಿ ಬೀಳುವುದು ಹೊಸತಲ್ಲ. ಕಾಯಿಲನ್ನು ಬಿಚ್ಚಿಸಿ, ಒಣಗಿಸಿ, ಮೆಗ್ಗರ್ ಹಚ್ಚಿ ನೋಡಬೇಕು. ನೀರೆತ್ತುವ ಮೋಟಾರು ಗುಂಯ್‌ಗುಡುತ್ತ ತಿರುಗದಿದ್ದರೆ ತಕ್ಷಣ ಆರಿಸಿ, ವಿದ್ಯುತ್ ಕಡಿದು, ದಂಡವನ್ನು ಕೈಯಿಂದ ತಿರುಗಿಸಿ ಸಡಿಲಿಸಬೇಕು. ಹಾಗೂ ಏಳದಿದ್ದರೆ ಮೋಟಾರು ಶುರುವಾಗಲು ನೆರವಾಗುವ ಕೆಪಾಸಿಟರ್ ಕೆಟ್ಟಿರುವುದೇ ಹೆಚ್ಚು. ಫ್ಯಾನನ್ನು ಹಾಕುವ ಮೊದಲು ಏಣಿ ಹತ್ತಿ ಅದನ್ನು ಹೊತ್ತ ಕೊಕ್ಕೆಯನ್ನು ನೋಡಿ; ತುಕ್ಕು ತಿಂದ ಕೊಕ್ಕೆ ನಿಂತ ಫ್ಯಾನನ್ನು ಹಿಡಿದಿಟ್ಟಿರುತ್ತದೆ, ತಿರುಗುವ ಫ್ಯಾನನ್ನು ಹಿಡಿದೀತೆಂದು ಹೇಳಲಾಗದು.

ಸಂಜೆ ಎಲ್ಲ ಉಪಕರಣಗಳನ್ನು ಆರಿಸಿ, ಪ್ಲಗ್ಗುಗಳನ್ನು ಕಿತ್ತು, ಮೇನನ್ನೂ ಎಂಸಿಬಿಗಳನ್ನೂ ಹಾಕಿಟ್ಟು ಮೀಟರಿನ ಮುಂದೆ ಹತ್ತು ನಿಮಿಷ ನಿಲ್ಲಿ. ಕೆಂಪು ದೀಪ ಮಿನುಗಿದರೆ ಎಲ್ಲೋ ವಿದ್ಯುತ್ತು ಸೋರುತ್ತಿದೆ ಅಥವಾ ನಿಮಗೆ ಗೊತ್ತಿಲ್ಲದ ತಂತಿಯೊಂದು ಬೇರೆಲ್ಲೋ ಹೋಗಿದೆ. ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತ ಬಂದರೆ ಮಿನುಗು ನಿಂತ ಸಾಲಿನಲ್ಲೇ ಅದು ಸಿಗುತ್ತದೆ. ಎರಡು ವಾರ ಕಳೆದ ಮೇಲೆ ಎಲೆಕ್ಟ್ರಿಷಿಯನ್ ಅವರನ್ನು ಇನ್ನೊಮ್ಮೆ ಕರೆಸಿ, ಮೇನ್ ಇಳಿಸಿ, ಬೋರ್ಡಿನ ತಿರುಪುಗಳನ್ನು ಮತ್ತೆ ಬಿಗಿಮಾಡಿಸಿ.